ಹೇಳುವುದು ಬೇರೆ, ಹೇಳಿಕೊಳ್ಳುವುದು ಬೇರೆ

ಕಾರು ಗುದ್ದಿ ನಿಂತ ಮೇಲೂ ಇಂಡಿಕೇಟರ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತಲೇ ಇತ್ತು. ಗಾಜೆಲ್ಲ ಪುಡಿ. ಪಕ್ಕದ ಸೀಟಿನಲ್ಲಿದ್ದ ಗೆಳೆಯ ಮಾತಾಡುತ್ತಿಲ್ಲ. ಆ ಸದ್ದು ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ನಡೆದೇ ಇತ್ತು. ಗೆಳೆಯ ಉಳಿದ, ಆರು ತಿಂಗಳಲ್ಲಿ ಎದ್ದು ಓಡಾಡಿದ. ಒಂದು ಗೀರೂ ಆಗದ ನಾನು ಒಂದೂವರೆ ವರ್ಷ ಸ್ಟೀರಿಂಗ್ ಮುಟ್ಟಲಿಲ್ಲ. ಮನೆಯ ಗೋಡೆ ಗಡಿಯಾರದ ಸೆಲ್ ಕೂಡ ತೆಗೆದಿಟ್ಟಿದ್ದೆ.

ಊರಿಗೆ ಫೋನ್ ಮಾಡಿದರೆ ಎಲ್ಲರದೂ ಒಂದೇ ಮಾತು. "ಆಗಿದ್ದು ಆಗಿಹೋಯ್ತು, ಮರೆತುಬಿಡು." ಥೆರಪಿ ಅಂದರೆ, "ನಿನಗೇನು ತಲೆ ಕೆಟ್ಟಿದ್ಯಾ?" ಹೊರನಾಡಿನ ಈ ಕಡೆಯವರದು ಅದಕ್ಕೆ ಪೂರ್ತಿ ಉಲ್ಟಾ. ಮೂರನೇ ದಿನಕ್ಕೇ ಶುರು: ಯಾರ ಹತ್ತಿರವಾದರೂ ಮಾತಾಡಿದೆಯಾ, ಎಲ್ಲ ಹೊರಗೆ ಹಾಕಿದೆಯಾ, ಒಳಗೆ ಇಟ್ಟುಕೊಳ್ಳಬೇಡ. ಇಲ್ಲಿ ಟ್ರೇನ್ ತಪ್ಪಿದರೂ ಟ್ರಾಮಾ ಅನ್ನುವವರಿದ್ದಾರೆ, ಅದು ಬೇರೆ ವಿಷಯ.

ನಮ್ಮವರನ್ನು ಆಡಿಕೊಳ್ಳುವುದು ಸುಲಭ. ಆದರೆ ಮೊದಲ ದಿನಗಳ ಮಟ್ಟಿಗೆ ನಮ್ಮವರ ದಾರಿಯೇ ವಾಸಿ ಅನ್ನುತ್ತೇನೆ. ಆಘಾತ ಆದವರನ್ನು ತಕ್ಷಣ ಕೂರಿಸಿ ಎಲ್ಲ ಹೇಳಿಸುವ ಡೀಬ್ರೀಫಿಂಗ್ ಅನ್ನುವ ಪದ್ಧತಿ ಒಂದು ಕಾಲದಲ್ಲಿ ಜೋರಾಗಿತ್ತು. 2002ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆ ಅದನ್ನು ಅಳೆದು ನೋಡಿತು. ಒಂದೇ ಸಲದ ಆ ಮಾತುಕತೆಯಿಂದ ಪ್ರಯೋಜನ ಕಾಣಲಿಲ್ಲ, ಕೆಲವರಿಗೆ ತೊಂದರೆಯೇ ಜಾಸ್ತಿ ಆಗಿರಬಹುದು ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಹೇಳುವುದೂ ಅದನ್ನೇ: ಹತ್ತಿರ ಇರಿ, ಬೇಕಾದ್ದು ಒದಗಿಸಿ, ಹೇಳು ಹೇಳು ಅಂತ ಒತ್ತಾಯ ಮಾಡಬೇಡಿ. ಏನೂ ಕೇಳದೆ ಸುಮ್ನೆ ಪಕ್ಕದಲ್ಲಿ ಕೂರುವ ದೊಡ್ಡಮ್ಮಂದಿರಿಗೆ ಈ ಕೈಪಿಡಿ ಬೇಕಾಗಿಲ್ಲ, ಅಲ್ವಾ? ಎಷ್ಟೋ ಜನರ ಗಾಯ ಹಾಗೆಯೇ ಮಾಯುತ್ತದೆ. ಪಿಟಿಎಸ್‌ಡಿ (ಆಘಾತದ ನೆನಪು, ಭಯ ಬಿಡದೆ ಕಾಡುವ ಕಾಯಿಲೆ) ಅನ್ನುವ ಹೆಸರು ಅಮೆರಿಕದ ಮನೋವೈದ್ಯರು ಮಾಡಿಟ್ಟ ಕಾಯಿಲೆಗಳ ಪಟ್ಟಿಗೆ ಸೇರಿದ್ದು 1980ರಲ್ಲಿ. ಈಗ ಆ ಪಟ್ಟಿಯ ಪ್ರಕಾರ ತೊಂದರೆ ಒಂದು ತಿಂಗಳು ದಾಟದೆ ಆ ಹೆಸರು ಇಡುವ ಹಾಗಿಲ್ಲ.

ನಾವು ಎಡವುವುದು ಆ ತಿಂಗಳು ದಾಟಿದ ಮೇಲೆ. ಆಮೇಲೂ ಮರೆತುಬಿಡು ಅಂದರೆ ಅದು ತಪ್ಪಿಸಿಕೊಂಡು ಓಡು ಅಂದ ಹಾಗೆ. ನಾನು ಓಡಿದೆ. ಮೊದಲು ಆ ರಸ್ತೆ ಬಿಟ್ಟೆ, ಆಮೇಲೆ ಕಾರು, ಆಮೇಲೆ ಗಡಿಯಾರ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಕ್ಷಣ ಹೊತ್ತು ಹಾಯೆನಿಸುತ್ತದೆ, ಭಯ ಮಾತ್ರ ಒಂದು ಸುತ್ತು ಬೆಳೆದಿರುತ್ತದೆ.

ಕೊನೆಗೆ ಥೆರಪಿಗೆ ಹೋದೆ. ಎಡ್ನಾ ಫೋವಾ ಅನ್ನುವ ಮನಶ್ಶಾಸ್ತ್ರಜ್ಞೆ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಅನ್ನುವ ವಿಧಾನ. ಸಾಮಾನ್ಯವಾಗಿ 8ರಿಂದ 15 ಭೇಟಿ. ಕಣ್ಣು ಮುಚ್ಚಿ, ಆದದ್ದನ್ನು ಈಗ ಆಗುತ್ತಿರುವ ಹಾಗೆ ಹೇಳಬೇಕು. ಮುಗಿದರೆ ಮತ್ತೆ ಮೊದಲಿನಿಂದ. ನಡುನಡುವೆ, ಸಂಕಟ 0ಯಿಂದ 100ರಲ್ಲಿ ಎಷ್ಟು ಅಂತ ಕೇಳುತ್ತಾರೆ. ಅದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ದಿನಾ ಕೇಳಿಸಿಕೊಳ್ಳಬೇಕು. ಒಮ್ಮೆ ಹೊರಗೆ ಕಕ್ಕಿ ಹಗುರಾಗುವ ಬಾಬತ್ತು ಇದಲ್ಲ. ನೆನಪು ಬರೀ ನೆನಪು, ಕಚ್ಚುವುದಿಲ್ಲ ಅಂತ ಮೈಗೆ ಗೊತ್ತಾಗುವ ತನಕ ಅದರ ಜೊತೆ ಕೂರುವ ಕೆಲಸ.

ಮೂರು ಭೇಟಿ ಇಂಗ್ಲಿಷಿನಲ್ಲಿ ಹೇಳಿದೆ. ಸಲೀಸಾಗಿ ಬಂತು. ಮಳೆ ಇತ್ತು, ವಿಸಿಬಿಲಿಟಿ ಕಡಿಮೆ ಇತ್ತು, ಎದುರಿನ ಗಾಡಿ ಲೇನ್ ಬಿಟ್ಟು ಬಂತು. ಇನ್ಶೂರೆನ್ಸ್‌ನವರಿಗೆ ಹೇಳಿದ ಹಾಗೆ. ಅಂಕಿ ಮೂವತ್ತು ದಾಟಲಿಲ್ಲ, ರಾತ್ರಿಯ ನಿದ್ದೆಯೂ ಸುಧಾರಿಸಲಿಲ್ಲ. ನಾಲ್ಕನೇ ಸಲ ಥೆರಪಿಸ್ಟ್ ಕೇಳಿದರು: "ಕಾರಿನಲ್ಲಿ ನೀವಿಬ್ಬರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ?" ಕನ್ನಡ, ಇನ್ನೇನು. "ಹಾಗಾದರೆ ಅದರಲ್ಲೇ ಹೇಳಿ. ನನಗೆ ಆಮೇಲೆ ತಿಳಿಸಿದರೆ ಸಾಕು."

"ಮಳೆ ಬರ್ತಾ ಇದೆ. ಅವನು ಏನೋ ಜೋಕ್ ಹೇಳ್ತಾ ಇದಾನೆ. ನಾನು ನಗ್ತಾ ಇದೀನಿ. ಅವನ ಕಡೆ ತಿರುಗಿದೀನಿ. ರಸ್ತೆ ನೋಡ್ತಾ ಇಲ್ಲ."

ಆ ಕೊನೆಯ ಮಾತು ಇಂಗ್ಲಿಷಿನಲ್ಲಿ ಒಂದು ಸಲವೂ ಬಂದಿರಲಿಲ್ಲ. ಅಂಕಿ ತೊಂಬತ್ತು.

ಇದು ನನ್ನೊಬ್ಬನ ಕಥೆ ಅಂದುಕೊಂಡಿದ್ದೆ. 2003ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾಥರೀನ್ ಹ್ಯಾರಿಸ್ ಮತ್ತು ಜೊತೆಗಾರರು ಟರ್ಕಿಶ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮೇಲೆ ಒಂದು ಪ್ರಯೋಗ ನಡೆಸಿದ್ದರು. ಚಿಕ್ಕಂದಿನಲ್ಲಿ ಕೇಳಿದಂಥ ಬೈಗುಳ ತಾಯ್ನುಡಿಯಲ್ಲಿ ಕಿವಿಗೆ ಬಿದ್ದಾಗ, ಮನಸ್ಸು ಕಲಕಿದ್ದನ್ನು ತೋರಿಸುವ ಚರ್ಮದ ಬೆವರಿನ ಅಳತೆ ಜಾಸ್ತಿ ಏರಿತು, ಇಂಗ್ಲಿಷಿನಲ್ಲಿ ಅಷ್ಟು ಏರಲಿಲ್ಲ. ಕಲಿತ ಭಾಷೆ ಒಂದು ಕೈಗವಸು. ಬಿಸಿ ಪಾತ್ರೆ ಹಿಡಿಯಲು ಕೆಲವರಿಗೆ ಮೊದಮೊದಲು ಅದೇ ಬೇಕಾಗುತ್ತದೆ, ಅದನ್ನು ಕಿತ್ತುಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ.

ಆದರೆ ಕನ್ನಡದಲ್ಲಿ ಹೇಳು ಅನ್ನುವುದಕ್ಕೆ ಕೊಳ್ಳು ಸೇರಿಸಿ ಹೇಳಿಕೊಳ್ಳು ಅಂತ ಮಾಡಿಟ್ಟವರು ಯಾರೋ ಪುಣ್ಯಾತ್ಮರು. ಕಷ್ಟವನ್ನು ನಾವು ಹೇಳುವುದಿಲ್ಲ, ಹೇಳಿಕೊಳ್ಳುತ್ತೇವೆ. ಕಿವಿ ಎದುರಿನವರದ್ದಾದರೂ ಮಾತು ತಿರುಗಿ ನಮ್ಮ ಕಡೆಗೇ ಬರುತ್ತದೆ. ಮಾತಿನಲ್ಲಿ ಇದನ್ನು ಇಟ್ಟುಕೊಂಡ ನಾವೇ ಮರೆತುಬಿಡು ಅನ್ನುತ್ತಾ ಕೂತಿದ್ದೇವೆ. ಇಲ್ಲಿನವರ ಹತ್ತಿರ ಹೇಳಿಸುವ ವಿಧಾನ ಇದೆ, ತಾಳ್ಮೆ ಇದೆ. ಯಾವ ಭಾಷೆಯಲ್ಲಿ ಅಂತ ಕೇಳುವವರು ಮಾತ್ರ ಕಡಿಮೆ. ನನಗೆ ಸಿಕ್ಕಿದ್ದು ಅದೃಷ್ಟ. ಹೊರಗಿರುವ ಕನ್ನಡಿಗರು ಥೆರಪಿಸ್ಟ್ ಹುಡುಕುವಾಗ ಇದನ್ನು ನಾವೇ ಮೊದಲು ಕೇಳಬೇಕು. ವಿಡಿಯೊ ಕರೆಯಲ್ಲಿ ಕನ್ನಡ ಬಲ್ಲವರು ಸಿಕ್ಕರೆ ಇನ್ನೂ ಒಳ್ಳೆಯದು. ಕರುಳು ಕಿವುಚಿದ ಹಾಗಾಯ್ತು ಅಂದರೆ ಹೊಟ್ಟೆನೋವಾ ಅಂತ ಕೇಳುವುದಿಲ್ಲ.

ಹನ್ನೆರಡು ಭೇಟಿ ಆಯ್ತು. ಗಡಿಯಾರಕ್ಕೆ ಸೆಲ್ ಹಾಕಿದ್ದೇನೆ. ಇಂಡಿಕೇಟರ್ ಸದ್ದಿಗೆ ಈಗ ಇಪ್ಪತ್ತು, ಮಳೆಯಿದ್ದರೆ ನಲವತ್ತು. ನನ್ನ ಕಣ್ಣು ರಸ್ತೆಯ ಮೇಲಿರಲಿಲ್ಲ ಅನ್ನುವುದನ್ನು ಗೆಳೆಯನಿಗೂ ಹೇಳಿಕೊಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅದ್ಯಾವ ಜೋಕ್ ಅಂತ ನೆನಪಿದ್ಯಾ ನಿಂಗೆ?" ಅಂದ. ನನಗೆ ನೆನಪಿರಲಿಲ್ಲ. ಅವನಿಗೂ.