82 ಪರ್ಸೆಂಟ್ ಚಾರ್ಜ್ ಇದ್ದ ಕಾರು ಏಳಲೇ ಇಲ್ಲ

ಕಳೆದ ವಿಜಯದಶಮಿಯ ಸಂಜೆ ಬನ್ನಿ ಕೊಡಲು ಧಾರವಾಡದಿಂದ ಹುಬ್ಬಳ್ಳಿಯ ವಿದ್ಯಾನಗರಕ್ಕೆ, ಸೋದರಮಾವನ ಮನೆಗೆ ಹೊರಟು ನಿಂತಾಗ ನಮ್ಮ ಎಲೆಕ್ಟ್ರಿಕ್ ಕಾರಿನ ಬಾಗಿಲೇ ತೆರೆಯಲಿಲ್ಲ. ರಿಮೋಟ್ ಒತ್ತಿದರೆ ಸದ್ದಿಲ್ಲ, ದೀಪವಿಲ್ಲ. ಹಿಂದಿನ ದಿನ ಮೊಬೈಲ್ ಆ್ಯಪ್‌ನಲ್ಲಿ ನೋಡಿದಾಗ 82 ಪರ್ಸೆಂಟ್ ಚಾರ್ಜ್ ತೋರಿಸಿತ್ತು. ಹುಬ್ಬಳ್ಳಿಗೆ ಹೋಗಿ ಬರಲು ಅದರ ಕಾಲು ಭಾಗವೂ ಬೇಕಿರಲಿಲ್ಲ. ಬನ್ನಿಯ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದ ನನ್ನ ತಾಯಿ, "ನಿನ್ನೆ ಪೂಜಾ ಮಾಡೇವಿ, ಇವತ್ತ ಮುನಿಸ್ಕೊಂಡ ಕುಂತೈತಲ್ಲೋ ಇದು" ಎಂದರು.

ಸಹಾಯವಾಣಿಗೆ ಫೋನ್ ಮಾಡಿದಾಗ ಗಾಡಿಯನ್ನು ಟೋ ಮಾಡಿಸಬೇಕಾಗುತ್ತದೆ, ಹಬ್ಬದ ರಜೆಯಿರುವುದರಿಂದ ಎರಡು ದಿನ ಕಾಯಬೇಕು ಎಂಬ ಉತ್ತರ ಬಂತು. ಪಕ್ಕದ ಮನೆಯವರು ಅಷ್ಟಕ್ಕೇ ಬಿಡದೆ ತಮ್ಮ ಪರಿಚಯದ ಬ್ಯಾಟರಿ ಅಂಗಡಿಯವರನ್ನು ಕರೆಸಿದರು. ಹಬ್ಬದ ಹೊಸ ಅಂಗಿಯಲ್ಲಿಯೇ ಸ್ಕೂಟರ್ ಮೇಲೆ ಬಂದ ಆ ಹುಡುಗ ರಿಮೋಟನ್ನು ಕೈಗೆ ತೆಗೆದುಕೊಂಡು, ಅದರೊಳಗೆ ಅಡಗಿದ್ದ ಪುಟ್ಟ ಲೋಹದ ಕೀಲಿಯನ್ನು ಹೊರಗೆಳೆದು, ಬಾಗಿಲು ತೆಗೆದು, ಬಾನೆಟ್ಟಿನ ಲಿವರ್ ಎಳೆದ. ಮೂರು ವರ್ಷ ಓಡಿಸಿದ್ದರೂ ಅಲ್ಲೊಂದು ಕೀಲಿಯಿದೆ ಎಂದು ನನಗೆ ಗೊತ್ತಿರಲಿಲ್ಲ. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಬಾನೆಟ್ ಕೆಳಗಿನ ಬ್ಯಾಟರಿಗೆ ಮುಟ್ಟಿಸಿದಾಗ ಬಂದ ಅಂಕಿ 10.8 ವೋಲ್ಟ್. "ಸಣ್ಣ ಬ್ಯಾಟರಿ ಕುಂತೈತ್ರಿ ಸರ, ದೊಡ್ಡದಕ್ಕ ಏನೂ ಆಗಿಲ್ಲ" ಎಂದು ಹೇಳಿ, ತಾನು ತಂದಿದ್ದ ಇನ್ನೊಂದು ಬ್ಯಾಟರಿಯನ್ನು ಕೇಬಲ್‌ಗಳಿಂದ ಜೋಡಿಸಿ, ಬ್ರೇಕ್ ತುಳಿದು ಬಟನ್ ಒತ್ತಲು ಹೇಳಿದ. ಕಾರಿನ ಅಡಿಯಿಂದ ಟಕ್ ಟಕ್ ಎಂಬ ಎರಡು ಸದ್ದು ಬಂದವು, ಪರದೆಯ ಮೇಲೆ 'ರೆಡಿ' ಎಂಬ ಹಸಿರು ಅಕ್ಷರ ಮೂಡಿತು, ಮೀಟರಿನ ಅಂಕಿ 14.3ಕ್ಕೆ ಏರಿತು. ಇಷ್ಟಕ್ಕೆ ಹಿಡಿದದ್ದು ಹತ್ತು ನಿಮಿಷ.

ಆ ಎರಡು ಸದ್ದುಗಳಲ್ಲಿಯೇ ಇಡೀ ವಿಷಯವಿದೆ. ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿ ಸಾಮಾನ್ಯವಾಗಿ 300–400 ವೋಲ್ಟಿನದು. ಅಷ್ಟು ವೋಲ್ಟೇಜ್ ಸದಾ ಕಾರಿನ ತಂತಿಗಳಲ್ಲಿ ಇರಬಾರದು ಎಂಬ ಕಾರಣಕ್ಕೆ, ಗಾಡಿ ಬಂದ್ ಮಾಡಿದ ಕೂಡಲೇ ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇಗಳು ಆ ಬ್ಯಾಟರಿಯನ್ನು ಉಳಿದ ಗಾಡಿಯಿಂದ ಬೇರ್ಪಡಿಸುತ್ತವೆ. ಅವು ಮತ್ತೆ ಕೂಡಬೇಕಾದರೆ ಕರೆಂಟ್ ಬೇಕು, ಆ ಕರೆಂಟ್ ಬರುವುದು 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ಬಾಗಿಲ ಲಾಕ್, ದೀಪ, ಪರದೆ, ದೊಡ್ಡ ಬ್ಯಾಟರಿಯನ್ನೇ ಕಾಯುವ ಕಂಪ್ಯೂಟರ್, ಎಲ್ಲವೂ ಆ ಸಣ್ಣದರ ಆಶ್ರಯದಲ್ಲಿಯೇ ಇವೆ. ನಮ್ಮ ಕಡೆಯ ಹಿರಿಯರಿಗೆ ಹಗೇವು ಎಂದರೆ ತಕ್ಷಣ ತಿಳಿಯುತ್ತದೆ: ನೆಲದೊಳಗೆ ಇಪ್ಪತ್ತು ಚೀಲ ಜೋಳವಿದ್ದರೂ ಬಾಯಿಗೆ ಮುಚ್ಚಿದ ಕಲ್ಲನ್ನು ಸರಿಸುವ ಆಳು ಬಾರದಿದ್ದರೆ ಆ ದಿನ ಮನೆಯಲ್ಲಿ ರೊಟ್ಟಿಯಿಲ್ಲ. ಗಾತ್ರದ ಅಂತರವೂ ಹಾಗೆಯೇ ಇದೆ. ದೊಡ್ಡ ಬ್ಯಾಟರಿ 40 ಯೂನಿಟ್ ಹಿಡಿಯುವಂಥದ್ದಾದರೆ, 35 ಆಂಪಿಯರ್-ಅವರಿನ, ಅಂದರೆ ಒಂದು ಆಂಪಿಯರ್‌ನಂತೆ ಹೆಚ್ಚುಕಡಿಮೆ 35 ಗಂಟೆ ಕರೆಂಟ್ ಕೊಡಬಲ್ಲ ಸಣ್ಣ ಬ್ಯಾಟರಿ ಅರ್ಧ ಯೂನಿಟ್ ಕೂಡ ಹಿಡಿಯುವುದಿಲ್ಲ.

ಪೆಟ್ರೋಲ್ ಕಾರಿನಲ್ಲಿಯೂ ಇದೇ ಬ್ಯಾಟರಿ ಇತ್ತಲ್ಲ ಎಂದು ಕೇಳಬಹುದು. ಇತ್ತು, ಆದರೆ ಅದು ಸಾಯುವ ಮೊದಲು ಹೇಳಿ ಸಾಯುತ್ತಿತ್ತು. ಚಳಿಗಾಲದ ಮುಂಜಾನೆ ಸೆಲ್ಫ್ ಹೊಡೆದಾಗ ಎಂಜಿನ್ ಎಳೆದೆಳೆದು ತಿರುಗಿದರೆ, ಇನ್ನು ಎರಡು ವಾರದಲ್ಲಿ ಬ್ಯಾಟರಿ ಬದಲಿಸಬೇಕು ಎಂದು ಯಾರಿಗಾದರೂ ಅರ್ಥವಾಗುತ್ತಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಸೆಲ್ಫ್ ಮೋಟಾರೇ ಇಲ್ಲ. ಕಾಂಟ್ಯಾಕ್ಟರುಗಳನ್ನು ಕೂಡಿಸಲು, ಕಂಪ್ಯೂಟರುಗಳನ್ನು ಎಬ್ಬಿಸಲು ಸ್ವಲ್ಪವೇ ಕರೆಂಟ್ ಸಾಕಾಗುವುದರಿಂದ, ಮುಕ್ಕಾಲು ಸತ್ತ ಬ್ಯಾಟರಿಯೂ ನಿನ್ನೆಯವರೆಗೆ ಚೆನ್ನಾಗಿಯೇ ಕೆಲಸ ಮಾಡಿ ಇವತ್ತು ಏಕಾಏಕಿ ನಿಂತುಬಿಡುತ್ತದೆ.

ನಮ್ಮ ಬ್ಯಾಟರಿ ಕುಂತದ್ದರಲ್ಲಿ ನನ್ನ ಪಾಲೂ ದೊಡ್ಡದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ನಾಲ್ಕು ತಿಂಗಳ ಹಿಂದೆ ಡ್ಯಾಶ್‌ಕ್ಯಾಮ್ ಹಾಕಿಸಿದ್ದೆ. ಗಾಡಿ ನಿಂತಾಗಲೂ ಚಿತ್ರೀಕರಣ ನಡೆಯಲಿ ಎಂದು ಅದನ್ನು ಸದಾ ಕರೆಂಟ್ ಇರುವ ತಂತಿಗೆ ಕೊಡಿಸಿದ್ದೆ. ಅಂಥದ್ದೊಂದು ಕ್ಯಾಮೆರಾ 250 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 6 ಆಂಪಿಯರ್-ಅವರ್ ಖರ್ಚಾಗುತ್ತದೆ. ನಿತ್ಯ ಹುಬ್ಬಳ್ಳಿಗೆ ಓಡಾಡುತ್ತಿದ್ದಾಗ ಈ ಖರ್ಚು ತುಂಬಿ ಬರುತ್ತಿತ್ತು, ಏಕೆಂದರೆ ಗಾಡಿ 'ರೆಡಿ' ಸ್ಥಿತಿಯಲ್ಲಿದ್ದಾಗ ಡಿಸಿ-ಡಿಸಿ ಕನ್ವರ್ಟರ್ ಎಂಬ ಉಪಕರಣ ದೊಡ್ಡ ಬ್ಯಾಟರಿಯ ಕರೆಂಟನ್ನು 14 ವೋಲ್ಟಿನ ಆಸುಪಾಸಿಗೆ ಇಳಿಸಿ ಸಣ್ಣದಕ್ಕೆ ಉಣಿಸುತ್ತದೆ. ಪೆಟ್ರೋಲ್ ಕಾರಿನ ಆಲ್ಟರ್ನೇಟರ್ ಮಾಡುತ್ತಿದ್ದ ಕೆಲಸವೇ ಅದು. ದಸರೆಯ ರಜೆಯಲ್ಲಿ ಗಾಡಿ ನಾಲ್ಕು ದಿನ ನಿಂತೇ ಇತ್ತು. ಅಂದರೆ 35ರಲ್ಲಿ 24 ಆಂಪಿಯರ್-ಅವರ್ ಕ್ಯಾಮೆರಾಕ್ಕೇ ಹೋಯಿತು. ಅದರ ಮೇಲೆ ನಾನು ದಿನಕ್ಕೆ ಹತ್ತು ಸಲ ಆ್ಯಪ್ ತೆರೆದು ಚಾರ್ಜ್ ಎಷ್ಟಿದೆ ಎಂದು ನೋಡುತ್ತಿದ್ದೆ. ಪ್ರತಿ ಸಲವೂ ಮಲಗಿದ್ದ ಕಂಪ್ಯೂಟರುಗಳು ಎದ್ದು ಉತ್ತರ ಹೇಳಬೇಕಾದ ಕಾರುಗಳಲ್ಲಿ ಅದೂ ಸಣ್ಣ ಬ್ಯಾಟರಿಯ ಲೆಕ್ಕಕ್ಕೇ ಸೇರುತ್ತದೆ.

ಉಳಿದದ್ದನ್ನು ಖಂಡೆ ಪೂಜೆ, ಅಂದರೆ ಆಯುಧಪೂಜೆ, ಮುಗಿಸಿತು. ನಮ್ಮಲ್ಲಿ ಆ ದಿನ ಗಾಡಿಗಳಿಗೆ ಸಲ್ಲುವ ಸೇವೆಯನ್ನು ಬಲ್ಲವರೇ ಬಲ್ಲರು. ಬೆಳಿಗ್ಗೆ ತೊಳೆಯುವಾಗ ನಾಲ್ಕೂ ಬಾಗಿಲು ತೆರೆದಿದ್ದವು, ಒಳಗಿನ ದೀಪಗಳು ಉರಿಯುತ್ತಿದ್ದವು, ಮಕ್ಕಳು ಹಾಡು ಹಚ್ಚಿದ್ದರು, ಚೆಂಡುಹೂವಿನ ಮಾಲೆ ಕಟ್ಟಿ, ಕುಂಬಳಕಾಯಿ ಒಡೆದು, ಗಾಲಿಗಳಡಿಯ ನಿಂಬೆಹಣ್ಣು ಒತ್ತುವವರೆಗೆ ಎರಡು ಗಂಟೆ ಹಾಗೆಯೇ ನಡೆಯಿತು. ಗಾಲಿ ಒಂದು ಸುತ್ತು ತಿರುಗಲಷ್ಟೇ ಗಾಡಿ ರೆಡಿಗೆ ಬಂತು, ಮತ್ತೆ ಬಂದ್ ಆಯಿತು. ಬ್ರೇಕ್ ತುಳಿಯದೆ ಬಟನ್ ಒತ್ತಿದರೆ ಪರದೆ ಮತ್ತು ಹಾಡು ಮಾತ್ರ ಚಾಲೂ ಆಗುತ್ತವೆ, ಕನ್ವರ್ಟರ್ ಚಾಲೂ ಆಗುವುದಿಲ್ಲ ಎಂಬುದು ಮಾಲೀಕರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ. ಯಾರಿಗಾದರೂ ಕಾಯುತ್ತಾ ಕಾರಿನಲ್ಲಿ ಹಾಡು ಕೇಳುವುದಿದ್ದರೆ, ಪಾರ್ಕಿಂಗ್ ಬ್ರೇಕ್ ಹಾಕಿ ಗಾಡಿಯನ್ನು ರೆಡಿಯಲ್ಲಿಟ್ಟು ಚಾಲಕನ ಸೀಟಿನಲ್ಲಿ ದೊಡ್ಡವರೊಬ್ಬರು ಕುಳಿತಿರಬೇಕು. ಮಕ್ಕಳನ್ನು ಮಾತ್ರ ಒಳಗೆ ಬಿಟ್ಟು ರೆಡಿಯಲ್ಲಿ ಇಡಲೇಬಾರದು. ಎಂಜಿನ್ ಸದ್ದಿಲ್ಲದ ಗಾಡಿ ಮುಂದಕ್ಕೆ ಹೋದದ್ದು ತಿಳಿಯುವುದು ಗೋಡೆಗೆ ತಾಗಿದ ಮೇಲೆಯೇ.

ಸೀಸ ಮತ್ತು ಆಮ್ಲದ ಈ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು, ಅದರ ಸ್ವಭಾವ ಇವತ್ತಿಗೂ ಬದಲಾಗಿಲ್ಲ: ಖಾಲಿ ಇಟ್ಟರೆ ಕೆಡುತ್ತದೆ. ಖಾಲಿಯಾದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ದಿನಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಅಷ್ಟು ಸಾಮರ್ಥ್ಯವನ್ನು ಶಾಶ್ವತವಾಗಿ ನುಂಗುತ್ತದೆ. ಸೆಕೆ ಇದನ್ನು ಇನ್ನಷ್ಟು ಬೇಗ ಮುದಿಯಾಗಿಸುತ್ತದೆ. ಏಪ್ರಿಲ್ ತಿಂಗಳಲ್ಲಿ ಗದಗ ರಸ್ತೆಯ ಬಿಸಿಲಿನಲ್ಲಿ ದಿನವಿಡೀ ನಿಲ್ಲುವ ಗಾಡಿಯ ಬ್ಯಾಟರಿಯಿಂದ, ಬೇವಿನ ಮರದ ನೆರಳಿನಲ್ಲಿ ನಿಲ್ಲುವ ಗಾಡಿಯದರಷ್ಟು ಆಯುಷ್ಯ ನಿರೀಕ್ಷಿಸುವಂತಿಲ್ಲ. ಮೂರರಿಂದ ಐದು ವರ್ಷ ಬಂದರೆ ಬಂತು.

ಈಗ ನಾನು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಮಲ್ಟಿಮೀಟರ್ ಹಿಡಿಯುತ್ತೇನೆ. ಅಳೆಯುವುದಕ್ಕೂ ಒಂದು ಕ್ರಮವಿದೆ. ಬಾಗಿಲು ತೆರೆದ ಕೂಡಲೇ ಕಾರು ಎಚ್ಚರಗೊಂಡು ಅಂಕಿ ಕುಸಿಯುತ್ತದೆ. ಈಗಷ್ಟೇ ಓಡಿಸಿ ನಿಲ್ಲಿಸಿದ್ದರೆ ಅಂಕಿ ಉಬ್ಬಿರುತ್ತದೆ. ಆದ್ದರಿಂದ ರಾತ್ರಿಯೇ ಬಾನೆಟ್ಟನ್ನು ಒತ್ತಿ ಮುಚ್ಚದೆ ಬಿಟ್ಟು, ಬಾಗಿಲು ಲಾಕ್ ಮಾಡಿ, ಕೀಲಿಯನ್ನು ದೂರ ಇಟ್ಟು, ಬೆಳಿಗ್ಗೆ ನೇರವಾಗಿ ಟರ್ಮಿನಲ್‌ಗಳಿಗೆ ಮುಟ್ಟಿಸುತ್ತೇನೆ. 12.6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತುಂಬಿದೆ ಎಂದರ್ಥ, 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಬಂದರೆ ಹೆಚ್ಚೇನೂ ಉಳಿದಿಲ್ಲ. ಬಳಿಕ ಗಾಡಿಯನ್ನು ರೆಡಿಗೆ ತಂದು ಇನ್ನೊಮ್ಮೆ ನೋಡುತ್ತೇನೆ. ಆಗ 13.5ರಿಂದ 14.5ರ ನಡುವೆ ಬರಬೇಕು. ಬಾರದೆ 12ರಲ್ಲಿಯೇ ನಿಂತರೆ ತಪ್ಪು ಬ್ಯಾಟರಿಯದಲ್ಲ, ಕನ್ವರ್ಟರಿನದಿರಬಹುದು. ಇದು ಕೇವಲ ಊಹೆಯ ಮಾತಲ್ಲ. 2024ರ ಜೂನ್‌ನಲ್ಲಿ ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನು ಹ್ಯುಂಡೈ ಮರಳಿ ಕರೆಸಿದ್ದು ಇಂಥದೇ ಚಾರ್ಜಿಂಗ್ ನಿಯಂತ್ರಣ ಘಟಕದ ದೋಷ, ಅದರಿಂದ 12 ವೋಲ್ಟ್ ಬ್ಯಾಟರಿ ಖಾಲಿಯಾಗುವ ಸಾಧ್ಯತೆ ಇದ್ದದ್ದರಿಂದಲೇ. ನಮ್ಮ ಕಾರು ಅದಲ್ಲ.

ವಾರಗಟ್ಟಲೆ ಊರಿಗೆ ಹೋಗುವುದಿದ್ದರೆ ಕ್ಯಾಮೆರಾದ ತಂತಿ ತೆಗೆದಿಟ್ಟು, ಸಣ್ಣ ಬ್ಯಾಟರಿಗೆ ತಕ್ಕ ಸ್ವಯಂಚಾಲಿತ ಚಾರ್ಜರ್ ಹಚ್ಚಿ ಹೋಗುತ್ತೇನೆ. ಹೆಸ್ಕಾಂ ಬಿಲ್ಲಿನಲ್ಲಿ ಅದು ಕಾಣುವುದೂ ಇಲ್ಲ. ಗೋಡೆಯ ಚಾರ್ಜರ್‌ಗೆ ಕಾರನ್ನು ಸಿಕ್ಕಿಸಿ ಹೋದರೆ ಸಾಕಲ್ಲವೇ ಎಂದು ನಮ್ಮ ಕಚೇರಿಯ ಗೆಳೆಯರು ಕೇಳಿದರು. ದೊಡ್ಡ ಬ್ಯಾಟರಿ ಚಾರ್ಜ್ ಆಗುವಷ್ಟು ಹೊತ್ತು ಸಣ್ಣದೂ ಉಣ್ಣುತ್ತದೆ, ದೊಡ್ಡದು ತುಂಬಿದ ಮೇಲೆ ಅನೇಕ ಕಾರುಗಳಲ್ಲಿ ಕನ್ವರ್ಟರೂ ಮಲಗಿಬಿಡುತ್ತದೆ. ಕೆಲವು ಮಾದರಿಗಳು ನಿಂತಲ್ಲಿಯೇ ಆಗಾಗ ಎದ್ದು ಸಣ್ಣದಕ್ಕೆ ತುಂಬಿಸುತ್ತವೆ. ನಿಮ್ಮದು ಯಾವ ಜಾತಿಯದು ಎಂಬುದನ್ನು ಕೈಪಿಡಿಯಲ್ಲಿಯೇ ನೋಡಬೇಕು.

ಹೊರಗಿನಿಂದ ಕರೆಂಟ್ ಕೊಟ್ಟು ಎಬ್ಬಿಸುವಾಗ ಮೊದಲು ಪ್ಲಸ್‌ಗೆ ಪ್ಲಸ್, ಕೊನೆಗೆ ಮೈನಸ್ ತಂತಿಯನ್ನು ಕಾರಿನ ಬರಿಯ ಲೋಹದ ಭಾಗಕ್ಕೆ ಜೋಡಿಸಬೇಕು, ತೆಗೆಯುವಾಗ ಉಲ್ಟಾ ಕ್ರಮ. ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗೆ ಹೋಗಬಾರದು, ಅವು ಜೀವ ತೆಗೆಯುವ ವೋಲ್ಟೇಜಿನವು. ನಮ್ಮ ಕಾರಿನಿಂದ ನೆರೆಯವರ ಡೀಸೆಲ್ ಗಾಡಿಯನ್ನು ಎಬ್ಬಿಸುವ ಉಪಕಾರಕ್ಕೂ ಹೋಗಬಾರದು. ಸೆಲ್ಫ್ ಮೋಟಾರ್ ಎಳೆಯುವ ಕರೆಂಟಿಗೆ ನಮ್ಮ ಸಣ್ಣ ಬ್ಯಾಟರಿಯಾಗಲಿ ಕನ್ವರ್ಟರಾಗಲಿ ಮಾಡಿದ್ದಲ್ಲ. ಟೆಸ್ಲಾದಂತೆ ಸೀಸ ಬಿಟ್ಟು ಲಿಥಿಯಂಗೆ ಹೋದ ಕಾರುಗಳಲ್ಲಿ ಈ ಅಂಕಿಗಳೂ ಚಾರ್ಜರೂ ನಡೆಯುವುದಿಲ್ಲ.

ಆ ಬ್ಯಾಟರಿ ನಮ್ಮಲ್ಲಿ ಉಳಿಯಲಿಲ್ಲ. ರಾತ್ರಿಯಿಡೀ ಚಾರ್ಜ್ ಮಾಡಿದರೂ ಮರುದಿನ 12.3ಕ್ಕೆ ಇಳಿಯುತ್ತಿತ್ತು, ಸಂಕ್ರಾಂತಿಯೊಳಗೆ ಬದಲಿಸಿದೆ. ಅದೇ ಅಳತೆ, ಅದೇ ಆಂಪಿಯರ್-ಅವರ್, ಅದೇ ಬಗೆಯದನ್ನೇ ತೆಗೆದುಕೊಂಡೆ. ಹಳೆಯದನ್ನು ಅಂಗಡಿಯವರೇ ತೂಕದ ಲೆಕ್ಕದಲ್ಲಿ ಬೆಲೆ ಕಳೆದು ಇಟ್ಟುಕೊಂಡರು. ಹಾಗೆಯೇ ಆಗಬೇಕು, ಸೀಸವನ್ನು ಗುಜರಿಯವರ ಒಲೆಗೆ ಹಾಕಬಾರದು.

ಇಷ್ಟೆಲ್ಲ ಬರೆದದ್ದು ಶೋರೂಮಿನಲ್ಲಿ ಕೇಳಿದ ಒಂದು ಮಾತಿನ ಕಾರಣಕ್ಕೆ. "ಆಯಿಲ್ ಇಲ್ಲ, ಫಿಲ್ಟರ್ ಇಲ್ಲ, ಮೆಂಟೇನನ್ಸೇ ಇಲ್ರಿ" ಎಂದು ನಮಗೆ ಗಾಡಿ ಮಾರಿದರು. ಆಯಿಲ್ ಇಲ್ಲದಿರುವುದು ನಿಜ, ಕೊನೆಯ ಮಾತು ಸುಳ್ಳು. 2001ರಲ್ಲಿ ಬೆಂಗಳೂರಿನ ರೇವಾ ಕಾರು ಬಂದಾಗ ಅದು ಓಡುತ್ತಿದ್ದುದೇ ಸೀಸದ ಬ್ಯಾಟರಿಗಳ ಮೇಲೆ; ಅವುಗಳಿಗೆ ನೀರು ತುಂಬಿಸುವುದು ಮಾಲೀಕರ ಕೆಲಸ ಎಂದು ಆಗ ಯಾರೂ ಮರೆಮಾಚಿರಲಿಲ್ಲ. ಗಾಲಿಯೊಳಗಿನ ಗಾಳಿಯನ್ನು ನಾಲ್ಕು ಅಂಕಿಗಳಲ್ಲಿ ತೋರಿಸುವ ಇಂದಿನ ಪರದೆಗೆ ಸಣ್ಣ ಬ್ಯಾಟರಿಯ ವೋಲ್ಟೇಜನ್ನು ಒಂದು ಅಂಕಿಯಲ್ಲಿ ತೋರಿಸುವುದು ಕಷ್ಟವೇನಲ್ಲ, ಏಕೆಂದರೆ ಒಳಗಿನ ಕಂಪ್ಯೂಟರುಗಳಿಗೆ ಆ ಅಂಕಿ ಗೊತ್ತೇ ಇರುತ್ತದೆ. ಸರ್ವಿಸ್ ಸೆಂಟರಿನವರು ತಮ್ಮ ಯಂತ್ರ ಸಿಕ್ಕಿಸಿದ ಕ್ಷಣವೇ ಅದನ್ನು ಓದುತ್ತಾರೆ. ಮಾಲೀಕನಿಗೆ ಮಾತ್ರ ಏಕೆ ತೋರಿಸಬಾರದು ಎಂದು ಅವರ ದೂರು ಪುಸ್ತಕದಲ್ಲಿ ಒಂದು ಪುಟ ಬರೆದು ಬಂದೆ. ಸಲಹೆಯನ್ನು ದಾಖಲಿಸಿಕೊಳ್ಳಲಾಗಿದೆ ಎಂಬ ಎಸ್ಸೆಮ್ಮೆಸ್ ಬಂದಿದೆ. ಮಲ್ಟಿಮೀಟರನ್ನು ಸದ್ಯಕ್ಕೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಯೇ ಇಟ್ಟುಕೊಂಡಿದ್ದೇನೆ, ಪಕ್ಕದಲ್ಲಿ ರಿಮೋಟಿನೊಳಗಿನ ಕೀಲಿಯನ್ನು ಹೊರಗೆಳೆಯುವುದು ಹೇಗೆಂದು ನನ್ನ ಹೆಂಡತಿ ಬರೆದಿಟ್ಟ ಚೀಟಿಯಿದೆ. ಬಾಗಿಲೇ ತೆರೆಯದ ದಿನ ಒಳಗಿನ ಚೀಟಿ ಓದುವವರು ಯಾರು ಎಂದು ಮಗಳು ಕೇಳಿದ ಮೇಲೆ ಅದರ ಒಂದು ಪ್ರತಿ ಅಡುಗೆಮನೆಯ ಫ್ರಿಜ್ಜಿನ ಮೇಲೂ ಅಂಟಿದೆ.