ಹಂಪಿ ಎಕ್ಸ್‌ಪ್ರೆಸ್ ಹಂಪಿಗೆ ಹೋಗಲ್ಲ

‘ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಹಂಪಿಯಲ್ಲೇ ಇಳಿಯಬಹುದು. 2021ರ ಜನಗಣತಿ ಪ್ರಕಾರ ಅಲ್ಲಿನ ಜನಸಂಖ್ಯೆ 20 ಸಾವಿರ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಹಂಪಿಯಲ್ಲಿ ರೈಲು ನಿಲ್ದಾಣವೇ ಇಲ್ಲ. ಹುಬ್ಬಳ್ಳಿ–ಮೈಸೂರು ನಡುವೆ ಓಡುವ ಆ ರೈಲಿನಲ್ಲಿ ಬಂದವರು ಹೊಸಪೇಟೆಯಲ್ಲಿ ಇಳಿಯಬೇಕು. ಹೆಸರು ನೋಡಿ ನಿದ್ದೆ ಹೊಡೆದರೆ ಕಷ್ಟ! ಅಲ್ಲಿಂದ ಸುಮಾರು 13 ಕಿ.ಮೀ. ರಸ್ತೆ ದಾರಿ. ನಿಲ್ದಾಣದ ಹೊರಗೆ ಕಾಲಿಟ್ಟರೆ ಸಾಕು, ‘ಹಂಪಿ, ಹಂಪಿ’ ಅಂತ ಆಟೋದವರು ಮುತ್ತಿಕೊಳ್ಳುತ್ತಾರೆ. ಬಸ್ ನಿಲ್ದಾಣಕ್ಕೆ ಹೋದರೆ ಸರ್ಕಾರಿ ಬಸ್ ಸಿಗುತ್ತದೆ, ಖರ್ಚೂ ಕಡಿಮೆ. ವಿರೂಪಾಕ್ಷ ಗುಡಿಯ ಹತ್ತಿರವೇ ಇಳಿಸುತ್ತದೆ.

ಇನ್ನು ಜನಗಣತಿ. 2021ರಲ್ಲಿ ಅದು ನಡೆಯಲೇ ಇಲ್ಲ, ಕೊರೋನಾದಿಂದ ಮುಂದೆ ಹೋಯಿತು. ಆ ವರ್ಷದ ಲೆಕ್ಕ ಅಂತ ಯಾರಾದರೂ ಕಳಿಸಿದರೆ ಅದು ಸುಮ್ನೆ ಬರೆದದ್ದು.