ಶುಕ್ರವಾರದ ದೋಸೆ

ಜನವರಿಯಲ್ಲಿ ಹನುಮಂತನಗರದ ಅಕ್ಕನ ಮನೆಗೆ ಹೋಗಿದ್ದೆ. ಬೆಳಗ್ಗೆ ಕಾಫಿ ಲೋಟ ಇಡೋಕೆ ಜಾಗ ಮಾಡಿಕೊಳ್ಳಲು ಊಟದ ಮೇಜಿನ ಮೇಲಿದ್ದ ಉದ್ದನೆಯ ನೋಟ್‌ಬುಕ್ಕೊಂದನ್ನು ಸರಿಸಿದೆ, ಅದು ತಾನಾಗೇ ತೆರೆದುಕೊಂಡಿತು. ಅಕ್ಕನ ಮಗಳದು. ಬಿ.ಎಸ್ಸಿ. ಕೊನೆಯ ವರ್ಷ, ನೋಟ್ಸ್ ಇರಬೇಕು ಅಂದುಕೊಂಡೆ. ಪುಟದ ತಲೆಯ ಮೇಲೆ 'ಇಷ್ಟದ ವಾಸನೆಗಳು' ಅಂತ ಬರೆದು ಎರಡು ಗೆರೆ ಎಳೆದಿತ್ತು. ಒಂದು, ಲ್ಯಾಬಿನಲ್ಲಿ ಎಸ್ಟರ್ ಮಾಡಿದ ದಿನ ಬಂದ ಬಾಳೆಹಣ್ಣಿನ ವಾಸನೆ. ಎರಡು, ಗಾಂಧಿ ಬಜಾರಿನಲ್ಲಿ ಕಾಫಿಬೀಜ ಹುರಿಯುವಾಗಿನದು, ಎದುರು ಫುಟ್‌ಪಾತಿನಿಂದ. ಮೂರು, ಹಳೇ ಪುಸ್ತಕ, ಅವೆನ್ಯೂ ರೋಡಿನದು ಮಾತ್ರ. ನಾಲ್ಕನೆಯದನ್ನು ಹೊಡೆದು ಹಾಕಿ ಪಕ್ಕದಲ್ಲಿ 'ಸುಳ್ಳು' ಅಂತ ಬರೆದುಕೊಂಡಿದ್ದಳು. ಹೊಡೆದಿದ್ದು ಏನು ಅಂತ ಬೆಳಕಿಗೆ ಹಿಡಿದು ನೋಡಿದರೆ, 'ಮೊದಲ ಮಳೆಗೆ ನೆನೆದ ಮಣ್ಣು'.

ಅಲ್ಲಿಗೆ ನನಗೆ ಆ ನೋಟ್‌ಬುಕ್ಕಿನ ಮೇಲೆ ನಂಬಿಕೆ ಬಂತು. ಮಣ್ಣಿನ ವಾಸನೆ ಇಷ್ಟ ಅನ್ನದವರು ಯಾರಿದ್ದಾರೆ! ಎಲ್ಲರೂ ಬರೆಯುವುದನ್ನೇ ತಾನೂ ಬರೆದುಬಿಟ್ಟೆ ಅಂತ ಅವಳಿಗೇ ಅನಿಸಿ ಹೊಡೆದು ಹಾಕಿದ್ದಾಳೆ.

"ಪುಟ್ಟಿ, ನಿನ್ನ ಡೈರಿ ಓದಿಬಿಟ್ಟೆ ಕಣೇ" ಅಂದೆ.

"ಡೈರಿ ಅಲ್ಲ ಮಾಮ, ಪಟ್ಟಿ. ಓದ್ಬಹುದು."

ನಾನು ಮುಂಬೈ ಪಕ್ಕದ ಡೊಂಬಿವಲಿ ಸೇರಿ ಇಪ್ಪತ್ತೆಂಟು ವರ್ಷವಾಯಿತು. ಬೆಂಗಳೂರಿಗೆ ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತೇನೆ, ಬಂದಾಗಲೆಲ್ಲ ಏನಾದರೂ ಒಂದು ವಿಷಯಕ್ಕೆ ಅಲ್ಲಿಗೂ ಇಲ್ಲಿಗೂ ತಾಳೆ ಹಾಕುವುದು ಚಟವಾಗಿಬಿಟ್ಟಿದೆ. ಈ ಸಲ ಸಿಕ್ಕಿದ್ದು ಪಟ್ಟಿ.

ನಾವು ಬೆಳೆದ ಮನೆಯಲ್ಲಿ ಪಟ್ಟಿ ಅಂದರೆ ಬೇಕಾದದ್ದರ ಪಟ್ಟಿ. ತೊಗರಿಬೇಳೆ ಎರಡು ಕೆಜಿ, ಒಣಮೆಣಸಿನಕಾಯಿ ಕಾಲು ಕೆಜಿ, ಕೊನೆಯಲ್ಲಿ ಅಪ್ಪನ ಕೈಬರಹದಲ್ಲಿ 'ಬೆಲ್ಲ ಕಪ್ಪಗಿದ್ದರೆ ಬೇಡ'. ಮದುವೆ ಬಂದರೆ ಜವಳಿ ಪಟ್ಟಿ. ಮರಾಠಿಯವರು ಇದಕ್ಕೆಲ್ಲ ಯಾದಿ ಅನ್ನುತ್ತಾರೆ, ನಮ್ಮ ಧಾರವಾಡದ ಕಡೆಯವರೂ ಯಾದಿ ಅಂತಲೇ ಅನ್ನುತ್ತಾರೆ. ಇಷ್ಟವಾದದ್ದರ ಯಾದಿ ಮಾತ್ರ ಎರಡೂ ಕಡೆ ಇರಲಿಲ್ಲ. ನಿನಗೇನು ಇಷ್ಟ ಅಂತ ನಮ್ಮಜ್ಜಿಯನ್ನು ಯಾರಾದರೂ ಕೂರಿಸಿ ಕೇಳಿದ್ದರೆ ಅದು ಬಯಕೆಯ ತಿಂಗಳಲ್ಲಿ ಮಾತ್ರ. ಆರು ಸಲ ಬಸುರಾದರೂ ಆರು ಸಲವೂ ಹುಣಸೆ ಚಿಗುರಿನ ಗೊಜ್ಜನ್ನೇ ಕೇಳಿದ್ದಳಂತೆ. ಯಾಕಜ್ಜಿ, ಅಷ್ಟು ಇಷ್ಟನಾ ಅಂದರೆ, "ಬೇರೆ ಏನು ಇಷ್ಟ ಅಂತ ಯೋಚ್ನೆ ಮಾಡೋಕೆ ಪುರುಸೊತ್ತೆಲ್ಲಿತ್ತೋ" ಅಂದಿದ್ದಳು. ಅಂಥ ಮನೆಯ ಮರಿಮೊಮ್ಮಗಳು ವಾಸನೆಗೂ ನಂಬರ್ ಹಾಕಿ ಕೂತಿದ್ದಾಳೆ. ಅಕ್ಕನಿಗೆ ಇದು ಕೆಲಸವಿಲ್ಲದವರ ಕೆಲಸ. ನನಗೆ ಹಾಗನ್ನಿಸಲಿಲ್ಲ.

ನನ್ನ ಮಗಳೂ ಹೆಚ್ಚೂಕಡಿಮೆ ಇವಳ ವಯಸ್ಸಿನವಳೇ, ಮಾಟುಂಗಾದಲ್ಲಿ ಓದುತ್ತಾಳೆ. ಅವಳ ಫೋನಿನಲ್ಲೂ ಒಂದು ಪಟ್ಟಿ ಇದೆ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್‌ಗಳ ಹೊತ್ತು, ಮಹಿಳೆಯರ ಡಬ್ಬಿ ಪ್ಲಾಟ್‌ಫಾರ್ಮಿನಲ್ಲಿ ಯಾವ ಕಂಬದ ಎದುರು ನಿಲ್ಲುತ್ತದೆ, ಬಿಸಿಲು ಬೀಳದ ಕಿಟಕಿ ಯಾವ ಕಡೆ. ನಿನಗೆ ಅತಿ ಇಷ್ಟವಾದದ್ದು ಯಾವುದಮ್ಮಾ ಅಂತ ಒಮ್ಮೆ ಕೇಳಿದ್ದಕ್ಕೆ ಒಂದು ಲೋಕಲ್ಲಿನ ಹೊತ್ತು ಹೇಳಿದ್ದಳು. ಕಲ್ಯಾಣದಿಂದ ಬರುವ ಗಾಡಿ ತುಂಬಿಯೇ ಬರುತ್ತದೆ, ಇಲ್ಲಿಂದಲೇ ಹೊರಡುವುದರಲ್ಲಿ ಮಾತ್ರ ಸೀಟು ಸಿಗುವ ಆಸೆ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಮೈ ಹೊರಗಿಟ್ಟುಕೊಂಡು ಕೂರುವುದಕ್ಕೆ ನಮ್ಮಲ್ಲಿ ಫೋರ್ತ್ ಸೀಟ್ ಅನ್ನುತ್ತಾರೆ. ಆ ಫೋರ್ತ್ ಸೀಟೂ ಸಿಗದೆ ಠಾಣೆವರೆಗೆ ನಿಂತೇ ಹೋದವರಿಗೆ ಇಷ್ಟ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕೂತವನ ಮುಖ ನೋಡಿ 'ಕಹಾಂ ಉತರೋಗೇ', ಎಲ್ಲಿ ಇಳೀತೀರಿ ಅಂತ ಕೇಳಿ, ಅವನ ಜಾಗವನ್ನು ಆಗಲೇ ಕಾದಿರಿಸಿಕೊಳ್ಳುವ ಊರು ನಮ್ಮದು. ಅಲ್ಲಿ ಏನೇ ಆದರೂ ಬಾಯಿಬಿಟ್ಟು ಕೇಳಬೇಕು, ಅದೂ ಮೊದಲೇ ಕೇಳಬೇಕು.

ಬೆಂಗಳೂರಿನ ಮಂತ್ರ ಬೇರೆ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ.' ನಾನು ಇಲ್ಲಿದ್ದಷ್ಟು ದಿನ ಇದನ್ನು ದಿನಕ್ಕೆ ಹತ್ತು ಸಲ ಕೇಳಿದ್ದೇನೆ, ಹತ್ತು ಸಲ ಹೇಳಿಯೂ ಇದ್ದೇನೆ. ಎಂ.ಟಿ.ಆರ್.ನ ರವೆ ಇಡ್ಲಿ ಹುಟ್ಟಿದ್ದೂ ಹಾಗೇ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆಯಲ್ಲಿ ಅಡ್ಜಸ್ಟ್ ಮಾಡಿದ್ದು. ಈಗ ಅದು ಎಷ್ಟೋ ಜನರ ಪಟ್ಟಿಯಲ್ಲಿ ಮೊದಲನೆಯದು. ಇಂಥ ಊರಿನ ಹುಡುಗಿ 'ನನಗೆ ಇದೇ ಬೇಕು, ಅದೂ ಎದುರು ಫುಟ್‌ಪಾತಿನಿಂದಲೇ' ಅಂತ ಬರೆದಿದ್ದು ಕಂಡು ನನಗೆ ಒಳಗೊಳಗೇ ಖುಷಿಯಾಯಿತು.

ಶುಕ್ರವಾರದ ದೋಸೆಯ ಕಥೆ ಹೀಗೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. 1943ರಿಂದ ಇರುವ ಹೋಟೆಲು, ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಸಪ್ಲೈಯರ್‌ಗಳನ್ನು ನೋಡೋಕೇ ಜನ ಬರುತ್ತಾರೆ. ಇವಳ ಪಟ್ಟಿಯಲ್ಲಿ ದೋಸೆಗೆ ಎರಡು ಪುಟ. ಒಂದು ಮಿಕ್ಕ ಆರು ದಿನಕ್ಕೆ, ಇನ್ನೊಂದು ಶುಕ್ರವಾರಕ್ಕೆ. ಶುಕ್ರವಾರ ಕ್ಲಾಸು ಬೇಗ ಮುಗಿಯುವುದರಿಂದ ಮಲ್ಲೇಶ್ವರಕ್ಕೆ ಹೋಗಿ ಸಿ.ಟಿ.ಆರ್.ನ ಬೆಣ್ಣೆ ದೋಸೆ ತಿನ್ನಬಹುದು, ದುಡ್ಡು ಕಮ್ಮಿ ಇದ್ದರೆ ಕಾಲೇಜಿನ ಹಿಂದಿನ ಗಾಡಿ. ಆ ಗಾಡಿಗೇ ಒಂದನೇ ನಂಬರು. ಅದಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ಅಕ್ಕನಿಗೆ ಇದೇ ಸಿಟ್ಟು. "ಬಸವನಗುಡೀಲಿ ಹುಟ್ಟಿ ಗಾಡಿ ದೋಸೆಗೆ ಫಸ್ಟ್ ರ‍್ಯಾಂಕ್ ಕೊಡ್ತಾಳಲ್ಲೋ" ಅಂದಳು, ಮಗಳು ಫೇಲಾದಳೇನೋ ಅನ್ನುವ ಹಾಗೆ.

ನಾನು ಪುಟ್ಟಿಯ ಪರ. ಇವತ್ತು ಬೆಂಗಳೂರಿನ ತಿಂಡಿ ಪಟ್ಟಿಗಳೆಲ್ಲ ಯಾರೋ ಕೊಟ್ಟ ಸ್ಟಾರು ನೋಡಿ ಮಾಡಿದವು. ರೀಲ್ಸ್‌ನಲ್ಲಿ ಬಂದ ಹೋಟೆಲಿನ ಮುಂದೆ ಮುಕ್ಕಾಲು ಗಂಟೆ ನಿಂತು, ದೋಸೆ ಆರುವವರೆಗೆ ಫೋಟೋ ಹೊಡೆದು, ಅದನ್ನೇ ತಮ್ಮ ಇಷ್ಟ ಅಂತ ಬರೆದುಕೊಳ್ಳುತ್ತಾರೆ. ಮುಂಬೈಯಲ್ಲೂ ಈ ರೋಗ ಇಲ್ಲದಿಲ್ಲ. ಮಾಟುಂಗಾದ ರಾಮ ಆಶ್ರಯ ಹೋಟೆಲಿನ ಮುಂದೆ ಭಾನುವಾರ ಬೆಳಗ್ಗೆ ನಿಂತು ನೋಡಿ, ಫೋನ್ ಹಿಡಿದ ಕೈಗಳೇ ಹೆಚ್ಚು. ಆದರೆ ಅಲ್ಲಿಯ ಹಳೇ ಗಿರಾಕಿಗಳು ಯಾವುದು ಶ್ರೇಷ್ಠ ಅಂತ ಜಗಳ ಕಾಯುವುದಿಲ್ಲ. ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಯಾವುದಿದೆಯೋ ಅದೇ ಅವರದು, ಇಪ್ಪತ್ತು ಮೂವತ್ತು ವರ್ಷ ಅದೇ. ದೋಸೆಯ ಮೇಲೆ ಎರಡು ಗಂಟೆ ವಾದ ಮಾಡುವ ಪುರುಸೊತ್ತು ಬೆಂಗಳೂರಿಗರಿಗೆ ಮಾತ್ರ ಇದೆ. ಟ್ರಾಫಿಕ್ಕಿನಲ್ಲಿ ಅಷ್ಟು ಹೊತ್ತು ಕಳೆದುಕೊಂಡೂ ಅದು ಎಲ್ಲಿಂದ ಹುಟ್ಟುತ್ತದೋ ನನಗಂತೂ ತಿಳಿದಿಲ್ಲ.

ಬಸ್ಸಿನ ಪುಟಗಳ ಹತ್ತಿರ ಬಂದಾಗ ನಾನು ಕನ್ನಡಕ ಹಾಕಿಕೊಂಡೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಪುಕ್ಕಟೆಯಾಯಿತಲ್ಲ, ಇವಳು ಆಗಷ್ಟೇ ಪಿಯುಸಿ ಮುಗಿಸಿದ್ದಳು. ಅಲ್ಲಿಂದ ಶನಿವಾರ ಮಧ್ಯಾಹ್ನ ಯಾವುದಾದರೂ ಒಂದು ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ ಬರುವುದು ಅಭ್ಯಾಸ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ 335ಇ ಮೇಲಿನ ಸ್ಥಾನದಲ್ಲಿದೆ, ಕಾರಣ 'ಊರು ಮೂರು ಸಲ ಬದಲಾಗುತ್ತೆ'. ಸಿಲ್ಕ್ ಬೋರ್ಡು ಹೆಬ್ಬಾಳದ ನಡುವಿನ 500ಡಿ ಎದುರು 'ಒಂದು ಚಾಪ್ಟರ್ ಪೂರ್ತಿ ಓದಬಹುದು' ಅಂತ ಬರೆದಿದ್ದಳು. ಔಟರ್ ರಿಂಗ್ ರೋಡ್ ಕಂಡವರಿಗೆ ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗುತ್ತದೆ.

ಪ್ರತಿ ಬಸ್ಸಿನ ಪಕ್ಕ ಸೊನ್ನೆ ರೂಪಾಯಿಯ ಟಿಕೆಟ್ ಅಂಟಿಸಿದ್ದಾಳೆ. ಮೆಷಿನ್ನಿನಿಂದ ಬರುವ ಆ ಕಾಗದದ ಮೇಲಿನ ಅಕ್ಷರ ಹೆಚ್ಚು ದಿನ ನಿಲ್ಲುವುದಿಲ್ಲ. ಮೊದಮೊದಲ ಟಿಕೆಟ್‌ಗಳು ಪೂರ್ತಿ ಅಳಿಸಿ ಬರೀ ಬಿಳಿ ಚೀಟಿಗಳಾಗಿದ್ದವು, ಗೋಂದಿನ ಕಲೆಯೊಂದು ಉಳಿದಿತ್ತು. ಹೋದ ದೀಪಾವಳಿಗೆ ನನ್ನ ಮಗಳೂ ಇವಳ ಜತೆ ಒಂದು ಶನಿವಾರ ಹೋಗಿದ್ದಳು. ಒಂದೇ ಸೀಟಿನಲ್ಲಿ ಅಕ್ಕತಂಗಿಯರು, ಒಬ್ಬಳದು ಸೊನ್ನೆ ಟಿಕೆಟ್, ಮಹಾರಾಷ್ಟ್ರದ ಆಧಾರ್ ಇಟ್ಟುಕೊಂಡವಳದು ದುಡ್ಡಿನ ಟಿಕೆಟ್. ಹೊರನಾಡಿನವಳು ಅಂತ ನನ್ನ ಮಗಳಿಗೆ ಮೊದಲ ಸಲ ಅನಿಸಿದ್ದು ಅಲ್ಲೇ ಅಂತೆ. ನಕ್ಕುಕೊಂಡೇ ಹೇಳಿದಳು.

ಮರಗಳ ಪಟ್ಟಿಯನ್ನು ತಿಂಗಳಿನ ಲೆಕ್ಕದಲ್ಲಿ ಮಾಡಿದ್ದಾಳೆ. ಜನವರಿಗೆ ಗುಲಾಬಿ ಟಬೂಬಿಯಾ, ಮಾರ್ಚಿಗೆ ಜಕರಂಡ, ಮೇಗೆ ಗುಲ್‌ಮೊಹರ್. ಹೀಗೆ ಒಂದರ ಹಿಂದೊಂದು ಹೂ ಬಿಡುವ ಹಾಗೆ ಮರ ಹಾಕುವ ಯೋಚನೆ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಅವರದು ಅನ್ನುತ್ತಾರೆ. ಮೊದಲೆರಡು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯವು, ಮೂರನೆಯದು ಮಡಗಾಸ್ಕರಿನದು. ಅಪ್ಪಟ ಬೆಂಗಳೂರು ಹುಡುಗಿಯ ಪಟ್ಟಿಯಲ್ಲಿ ಎಲ್ಲವೂ ಹೊರನಾಡ ಮರಗಳೇ. ನಮ್ಮ ಹೊಂಗೆ ಎಲ್ಲಮ್ಮಾ ಅಂದೆ. ಪೆನ್ಸಿಲ್ ತೆಗೆದು ಏಪ್ರಿಲ್ಲಿನ ಪಕ್ಕ ಬರೆದುಕೊಂಡಳು. 'ನೆರಳಿಗೆ' ಅಂತ ಸೇರಿಸಿದಳು.

ಒಂದು ಪುಟದ ಮುಂದೆ ಮಾತ್ರ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. 'ಸುಮ್ಮನೆ ಕೂರುವ ಜಾಗಗಳು'. ಅದರಲ್ಲಿ ಎರಡನೆಯದು ಎಂ.ಜಿ. ರಸ್ತೆ ಮೆಟ್ರೋ ಕೆಳಗಿನ ರಂಗೋಲಿ ಕಲಾಕೇಂದ್ರದ ಮೆಟ್ಟಿಲು. ಇದೇ ಜಾಗದಲ್ಲಿ ನಮ್ಮ ಕಾಲಕ್ಕೆ ಬುಲೆವಾರ್ಡ್ ಇತ್ತು. ಮರದ ನೆರಳು, ಕಾಗದದ ಹೂವಿನ ಬಳ್ಳಿ, ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ನಾನು ಮಧ್ಯಾಹ್ನಗಳನ್ನು ಕಳೆದದ್ದು ಅಲ್ಲಿ. ಮೆಟ್ರೋ ಕಾಮಗಾರಿಗೆ ಅದು ಹೋಯಿತು, 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಆಗ ಡೊಂಬಿವಲಿಯಲ್ಲಿ ಕೂತು ನಾನು ಎಷ್ಟು ಶಾಪ ಹಾಕಿದ್ದೆನೋ! ಈಗ ನೋಡಿದರೆ ನನ್ನದನ್ನು ನುಂಗಿದ್ದೇ ಇವಳದಾಗಿದೆ. ಚರ್ಚ್ ಸ್ಟ್ರೀಟಿನ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಮುಚ್ಚಿತು, ಬ್ರಿಗೇಡ್ ರೋಡಿನ ರೆಕ್ಸ್ ಚಿತ್ರಮಂದಿರ 2018ರ ಕೊನೆಗೆ. ಅವು ಇವಳಿಗೆ ಹೆಸರು ಮಾತ್ರ. ಮುಂಬೈಯಲ್ಲಿ ಧೋಬಿ ತಲಾವಿನ ಕಯಾನಿ ಕೆಫೆ 1904ರಿಂದ ಅಲ್ಲೇ ಇದೆ, ಮುತ್ತಾತನ ಇಷ್ಟದ ಬನ್ ಮಸ್ಕಾ ಮರಿಮಗನಿಗೂ ಸಿಗುತ್ತದೆ. ಬೆಂಗಳೂರಿನಲ್ಲಿ ಒಂದು ತಲೆಮಾರಿನ ಪಟ್ಟಿ ಇನ್ನೊಂದಕ್ಕೆ ಕೈ ಬದಲಾಗುವುದು ತಿಂಡಿಯ ವಿಷಯದಲ್ಲಿ ಮಾತ್ರವೇನೋ.

ನನಗೊಂದು ತಕರಾರಿತ್ತು, ಹೇಳಿಯೇಬಿಟ್ಟೆ. ಇಷ್ಟೊಂದು ಪಟ್ಟಿಗಳಲ್ಲಿ ಒಬ್ಬ ಮನುಷ್ಯನೂ ಇಲ್ಲವಲ್ಲ? ನನ್ನನ್ನು ಪಟ್ಟಿ ಮಾಡು ಅಂದರೆ ಮೊದಲು ಬರುವುದೇ ನಮ್ಮ ಲೋಕಲ್ ಡಬ್ಬಿಯ ನಾಲ್ವರು. ಇಸ್ಪೀಟು, ಕಡಲೆಪುರಿ, ದಸರೆಗೆ ಡಬ್ಬಿಗೆ ಕಟ್ಟುವ ಹೂವಿನ ಹಾರ. ಅವರಲ್ಲಿ ಇಬ್ಬರ ಮನೆತನದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

"ಜನರಿಗೆ ನಂಬರ್ ಹಾಕೋಕಾಗುತ್ತಾ ಮಾಮ?" ಅಂದಳು. ಆಮೇಲೆ ಪುಟ ತಿರುವಿ ಕಾಫಿಯ ಪಟ್ಟಿ ತೋರಿಸಿದಳು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, ಬೈಟು. ಕಾಲೇಜು ಕ್ಯಾಂಟೀನು, ಬೈಟು. ಮೆಜೆಸ್ಟಿಕ್‌ನಲ್ಲಿ ನಿಂತು ಕುಡಿಯುವುದು, ಫುಲ್. "ಬೈಟು ಅಂದ್ರೆ ಎದುರಿಗೆ ಇನ್ನೊಬ್ರು ಇರ್ಲೇಬೇಕಲ್ವಾ. ಯಾರು ಅಂತ ನಂಗೊತ್ತು, ಬರ್ಕೊಳೋದ್ಯಾಕೆ?"

ಇದು ನನಗೆ ಹೊಳೆದಿರಲಿಲ್ಲ. ಮುಂಬೈಯಲ್ಲೂ ಅರ್ಧ ಲೋಟವೇ, ಆದರೆ ಅದು ಕಟಿಂಗ್. ಒಬ್ಬನೇ ಗಾಡಿ ಹಿಡಿಯುವ ಅವಸರದಲ್ಲಿ ಎರಡು ಗುಟುಕಿಗೆ ಮುಗಿಸುವುದು. ಅರ್ಧ ಬೇಕು ಅಂದರೆ ಅರ್ಧ ಕೊಡುತ್ತಾರೆ, ಜತೆಗೊಬ್ಬ ಬೇಕಿಲ್ಲ. ಇಷ್ಟು ವರ್ಷ ಎರಡನ್ನೂ ಕುಡಿದಿದ್ದೇನೆ, ಈ ವ್ಯತ್ಯಾಸ ತೋರಿಸಿಕೊಡೋಕೆ ಇಪ್ಪತ್ತು ವರ್ಷದ ಹುಡುಗಿ ಬೇಕಾಯಿತು. ನಮ್ಮ ಡಬ್ಬಿಯ ಗೆಳೆಯರಲ್ಲಿ ಯಾರೊಬ್ಬರ ಜತೆಗೂ ನಾನು ಚಹಾ ಹಂಚಿಕೊಂಡಿಲ್ಲ.

ಆ ಶನಿವಾರ ಅವಳ ಜತೆ ನಾನೂ 335ಇ ಹತ್ತಿದೆ. ಹಿಂದಿನ ಚಕ್ರದ ಮೇಲಿನ ಎತ್ತರದ ಸೀಟು, ಅವಳ ಪಟ್ಟಿಯ ಪ್ರಕಾರ ಅತ್ಯುತ್ತಮ, ನನ್ನ ಸೊಂಟದ ಪ್ರಕಾರ ಅಲ್ಲ. ಕಂಡಕ್ಟರ್ ಅವಳಿಗೆ ಸೊನ್ನೆಯದು ಹರಿದುಕೊಟ್ಟು ನನ್ನ ಹತ್ತಿರ ದುಡ್ಡು ಈಸಿಕೊಂಡ. ನನ್ನ ಟಿಕೆಟನ್ನೂ ಅವಳೇ ಇಟ್ಟುಕೊಂಡಳು. ರಾತ್ರಿ ಊಟವಾದ ಮೇಲೆ ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ, ಮೆಷಿನ್ನಿನ ಅಕ್ಷರಗಳ ಮೇಲೆಯೇ ಬಾಲ್‌ಪೆನ್ನಿನಲ್ಲಿ ಒಂದೊಂದಾಗಿ ತಿದ್ದುತ್ತಾ ಕೂತಿದ್ದಳು.